ಪುಸ್ತಕ ನಂಬಿಸಿದ ಸುಳ್ಳನ್ನು ಸಿನಿಮಾ ಏಕೆ ನಂಬಿಸಲಿಲ್ಲ? ‘ದಿ ಗರ್ಲ್ ಆನ್ ದಿ ಟ್ರೈನ್’ ಕುರಿತು

ಮಾಟುಂಗಾ ಓದುಗ

ಕಾದಂಬರಿಯನ್ನು ಇನ್ನೂ ಓದದವರು ಮತ್ತು ಸಿನಿಮಾವನ್ನು ನೋಡದವರು ಈ ಚರ್ಚೆಯನ್ನು ಓದದಿರುವುದು ಒಳ್ಳೆಯದು, ಏಕೆಂದರೆ ಕೊಲೆಗಾರ ಯಾರೆಂಬುದನ್ನು ಮುಚ್ಚಿಟ್ಟುಕೊಂಡು ಈ ವಿಷಯವನ್ನು ಮಾತನಾಡಲು ಬರುವುದಿಲ್ಲ.

ಪೌಲಾ ಹಾಕಿನ್ಸ್ ಅವರ ಈ ಕಾದಂಬರಿ ೨೦೧೫ರ ಜನವರಿಯಲ್ಲಿ ಹೊರಬಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಪುಸ್ತಕ ಅಂಗಡಿಗೆ ಬರುವ ಮೊದಲೇ ಡ್ರೀಮ್‌ವರ್ಕ್ಸ್ ಸಂಸ್ಥೆ ಅದನ್ನು ಸಿನಿಮಾ ಮಾಡುವ ಹಕ್ಕನ್ನು ಕೊಂಡಿತ್ತು. ಟೇಟ್ ಟೇಲರ್ ನಿರ್ದೇಶನದಲ್ಲಿ, ಎಮಿಲಿ ಬ್ಲಂಟ್ ಮುಖ್ಯ ಪಾತ್ರದಲ್ಲಿ, ೨೦೧೬ರ ಅಕ್ಟೋಬರಿನಲ್ಲಿ ಸಿನಿಮಾ ತೆರೆಕಂಡಿತು. ದುಡ್ಡೇನೋ ಮಾಡಿತು. ಆದರೆ ಪುಸ್ತಕವನ್ನು ಮೆಚ್ಚಿದ್ದ ನನ್ನ ಪರಿಚಯದವರಲ್ಲಿ ಯಾರೊಬ್ಬರೂ ಸಿನಿಮಾವನ್ನು ಮನಸಾರೆ ಹೊಗಳಿದ್ದನ್ನು ನಾನು ಕೇಳಿಲ್ಲ.

ಎಲ್ಲರೂ ಹೇಳುವ ದೂರು ಒಂದೇ: ಲಂಡನ್ನಿನ ಕಥೆಯನ್ನು ನ್ಯೂಯಾರ್ಕಿಗೆ ಒಯ್ದು ಕೆಡಿಸಿದರು. ಈ ದೂರನ್ನು ನಾನು ಒಪ್ಪುವುದಿಲ್ಲ. ಊರು ಬದಲಾದ ಮಾತ್ರಕ್ಕೆ ಕಥೆ ಸಾಯುವುದಿಲ್ಲ. ನ್ಯೂಯಾರ್ಕಿನಲ್ಲಿಯೂ ಹೊರವಲಯದ ಊರುಗಳಿವೆ, ದಿನವೂ ರೈಲು ಹತ್ತುವ ಜನರಿದ್ದಾರೆ, ಹಳಿಯ ಪಕ್ಕದಲ್ಲಿ ಮನೆಗಳ ಹಿತ್ತಿಲುಗಳಿವೆ. ಕೆಟ್ಟದ್ದು ಬೇರೆ ಕಡೆ.

ಕಾದಂಬರಿಯ ರೇಚಲ್ ಕುಡಿತದ ಚಟಕ್ಕೆ ಬಿದ್ದವಳು. ಗಂಡ ಟಾಮ್ ಅವಳನ್ನು ಬಿಟ್ಟು ಆನಾಳನ್ನು ಮದುವೆಯಾಗಿದ್ದಾನೆ. ಕೆಲಸ ಕಳೆದುಕೊಂಡು ತಿಂಗಳುಗಳೇ ಆಗಿದ್ದರೂ ಜೊತೆಯಲ್ಲಿರುವ ಗೆಳತಿಗೆ ತಿಳಿಯಬಾರದೆಂದು ಅವಳು ದಿನವೂ ಬೆಳಗಿನ ೮.೦೪ರ ರೈಲು ಹತ್ತಿ ಲಂಡನ್ನಿಗೆ ಹೋಗಿಬರುತ್ತಾಳೆ. ಮೆಗನ್ ಎಂಬ ಹೆಂಗಸು ಕಾಣೆಯಾದ ಶನಿವಾರದ ರಾತ್ರಿ ತಾನು ಎಲ್ಲಿದ್ದೆ, ಏನು ಮಾಡಿದೆ ಎಂಬುದು ಅವಳಿಗೆ ನೆನಪಿಲ್ಲ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಈ ರೇಚಲ್ ನಮಗೆ ಕಥೆ ಹೇಳುವ ರೀತಿಯನ್ನು ಗಮನಿಸಿ. ಅವಳ ಬದುಕು ಎಷ್ಟು ಅಸ್ತವ್ಯಸ್ತವಾಗಿದ್ದರೂ ಅವಳ ವಾಕ್ಯ ಅಸ್ತವ್ಯಸ್ತವಾಗಿಲ್ಲ. ಹಳಿಯ ಪಕ್ಕದಲ್ಲಿ ಬಿದ್ದಿರುವ ಬಟ್ಟೆಯ ಗಂಟು, ಕೆಟ್ಟ ಸಿಗ್ನಲ್ ಬಳಿ ರೈಲು ನಿಂತಾಗ ಕಾಣುವ ಹದಿನೈದನೆಯ ನಂಬರಿನ ಮನೆ, ಅಲ್ಲಿನ ದಂಪತಿಗೆ ತಾನೇ ಇಟ್ಟ ಜೆಸ್ ಮತ್ತು ಜೇಸನ್ ಎಂಬ ಹೆಸರುಗಳು (ಈ ಜೆಸ್ ನಿಜದಲ್ಲಿ ಮೆಗನ್), ಇವೆಲ್ಲವನ್ನೂ ಅವಳು ಶಾಂತವಾಗಿ, ಸೂಕ್ಷ್ಮವಾಗಿ ಹೇಳುತ್ತಾಳೆ. ಆದುದರಿಂದಲೇ, ‘ಕುಡಿದ ಅಮಲಿನಲ್ಲಿ ನಾನು ಗಂಡನ ಮೇಲೆ ಗಾಲ್ಫ್ ಕೋಲು ಬೀಸಿದೆ, ಗೋಡೆಯ ಗಾರೆ ಕಿತ್ತುಹೋಯಿತು’ ಎಂಬರ್ಥದ ಮಾತನ್ನು ಅವಳು ಅದೇ ಶಾಂತ ಧ್ವನಿಯಲ್ಲಿ ಆಡಿದಾಗ ನಾವು ಮರುಪ್ರಶ್ನೆಯಿಲ್ಲದೆ ನಂಬುತ್ತೇವೆ. ಆ ನೆನಪು ಅವಳದಲ್ಲ, ಮೆಗನ್‌ಳನ್ನು ಕೊಂದ ಗಂಡ ಟಾಮ್‌ನೇ ಅದನ್ನು ಅವಳ ತಲೆಯಲ್ಲಿ ತುಂಬಿದ್ದು ಎಂಬುದು ಬಹಳ ತಡವಾಗಿ ತಿಳಿಯುತ್ತದೆ. ಅವಳು ಮೋಸಹೋದ ದಾರಿಯಲ್ಲೇ ಓದುಗನೂ ಮೋಸಹೋಗಿರುತ್ತಾನೆ. ಈ ಕಾದಂಬರಿಯ ರೋಮಾಂಚನ ಇರುವುದು ಇಲ್ಲಿಯೇ ಹೊರತು ಕೊಲೆಯ ಗುಟ್ಟಿನಲ್ಲಿ ಅಲ್ಲ.

ಸಿನಿಮಾ ಏನು ಮಾಡಿತು? ರೇಚಲ್ ಕುಡಿದ ಕೂಡಲೇ ಚಿತ್ರ ಮಸುಕಾಗುತ್ತದೆ, ಕ್ಯಾಮೆರಾ ತೂರಾಡುತ್ತದೆ, ಸದ್ದು ದೂರದಿಂದ ಬಂದಂತೆ ಕೇಳಿಸುತ್ತದೆ. ‘ಇವಳನ್ನು ನಂಬಬೇಡಿ’ ಎಂದು ಮೊದಲ ಅರ್ಧ ಗಂಟೆಯಲ್ಲಿಯೇ ಡಂಗುರ ಹೊಡೆದಂತಾಯಿತು. ನಂಬದೇ ಇದ್ದವನಿಗೆ ನಂಬಿಕೆ ಮುರಿದ ನೋವು ಎಲ್ಲಿಂದ ಬಂದೀತು?

ಇನ್ನೊಂದು ತಪ್ಪು ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಾದಂಬರಿಯಲ್ಲಿ ಸತ್ಯವನ್ನು ಅಗೆದು ತೆಗೆಯುವವಳು ರೇಚಲ್ಲೇ. ಗಾಲ್ಫ್ ಕೋಲಿನ ಆ ರಾತ್ರಿಯನ್ನು ನೆನೆದಾಗಲೆಲ್ಲ ಅವಳೊಳಗೆ ಏಳುವುದು ಭಯ. ಹೊಡೆದವಳಿಗೆ ಸಿಟ್ಟು ಬಂದಿರಬೇಕಲ್ಲದೆ ಭಯ ಏಕೆ? ಈ ಒಂದು ಹೊಂದಿಕೆಯಾಗದ ಸಂಗತಿಯನ್ನು ಹಿಡಿದುಕೊಂಡು, ತನ್ನ ಮೈ ನೆನಪಿಟ್ಟುಕೊಂಡದ್ದಕ್ಕೂ ಗಂಡ ಹೇಳಿದ್ದಕ್ಕೂ ತಾಳೆ ಹಾಕಿ, ಅವಳು ತನ್ನ ಬದುಕನ್ನು ಮರಳಿ ಪಡೆಯುತ್ತಾಳೆ. ಸಿನಿಮಾದಲ್ಲಿ ಮಾರ್ಥಾ ಎಂಬ ಹೊಸ ಪಾತ್ರವನ್ನು ತಂದಿದ್ದಾರೆ. ಟಾಮ್‌ನ ಹಳೆಯ ಮೇಲಧಿಕಾರಿಯ ಹೆಂಡತಿಯಾದ ಈಕೆ ರೈಲಿನಲ್ಲಿ ಅಕಸ್ಮಾತ್ತಾಗಿ ಎದುರಾಗಿ, ರೇಚಲ್ ತಾನು ಗಲಾಟೆ ಮಾಡಿದೆನೆಂದು ನಂಬಿಕೊಂಡಿದ್ದ ಒಂದು ಔತಣದ ಬಗ್ಗೆ, ಅಂದು ನೀನು ಏನೂ ತಪ್ಪು ಮಾಡಿರಲಿಲ್ಲ, ಟಾಮ್ ಕೆಲಸ ಕಳೆದುಕೊಂಡದ್ದು ಅವನ ಹೆಣ್ಣುಗಳ ಹುಚ್ಚಿನಿಂದ ಎಂದು ಹೇಳಿಬಿಡುತ್ತಾಳೆ. ತನ್ನ ತಲೆಯಲ್ಲಿ ಬೇರೆಯವರು ತುಂಬಿದ ಸುಳ್ಳಿನಿಂದ ಬಿಡುಗಡೆಯಾಗಬೇಕಾದ ಹೆಂಗಸಿಗೆ ಸತ್ಯವೂ ಬೇರೆಯವರ ಬಾಯಿಂದಲೇ ಸಿಕ್ಕರೆ, ಅವಳು ಗೆದ್ದದ್ದಾದರೂ ಏನು?

ನಮ್ಮಲ್ಲಿ ಈ ಕೆಲಸವನ್ನು ಪುಟ್ಟಣ್ಣ ಕಣಗಾಲರು ಎಪ್ಪತ್ತರ ದಶಕದ ಆರಂಭದಲ್ಲಿಯೇ ಮಾಡಿ ತೋರಿಸಿದ್ದರು. ತ್ರಿವೇಣಿಯವರ ‘ಶರಪಂಜರ’ವನ್ನು ತೆರೆಗೆ ತಂದಾಗ, ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ನೋಡುತ್ತ ನೋಡುತ್ತ ಹುಚ್ಚಿಗೆ ತಳ್ಳುವುದನ್ನು ಅವರು ಕಲ್ಪನಾ ಅವರ ಮುಖದ ಮೇಲೆಯೇ ಓದಿಸಿದರು. ಕತ್ತಿ, ರಕ್ತ, ಪೊಲೀಸರು ಯಾವುದೂ ಇಲ್ಲದ ಆ ಸಿನಿಮಾದಲ್ಲಿ ನನಗಾದ ಆತಂಕ ಈ ಕೊಲೆಯ ಸಿನಿಮಾದಲ್ಲಿ ಆಗಲಿಲ್ಲ. ನಿಮ್ಮ ಅಭಿಪ್ರಾಯಗಳನ್ನು ತಿಳಿಯುವ ಆಸೆಯಿದೆ.

ಡೊಂಬಿವಲಿ ವಾಚಕಿ

ಮಾಟುಂಗಾ ಸರ್, ನೀವು ರೈಲಿನ ವಿಷಯವನ್ನು ಬೇಗ ದಾಟಿಬಿಟ್ಟಿರಿ. ನನಗೆ ಸಿನಿಮಾ ಮೊದಲು ಸೋತದ್ದು ಅಲ್ಲಿಯೇ.

ಮುಂಬಯಿಯಲ್ಲಿ ಕೆಲಸಕ್ಕೆ ಹೋಗುವ ನಾವು ಲೋಕಲ್ ಗಾಡಿಗೆ ಹೆಸರಿಡುವುದಿಲ್ಲ, ನಿಮಿಷದಿಂದ ಗುರುತಿಸುತ್ತೇವೆ. ‘೮.೦೪ ಸಿಕ್ಕಿತೇ’ ಎಂದು ಕೇಳಿದರೆ ಯಾವ ಡಬ್ಬಿ, ಯಾವ ಗುಂಪು, ಯಾರಿಗೆ ಕಿಟಕಿ, ಯಾರಿಗೆ ನಾಲ್ಕನೆಯ ಸೀಟು ಎಂಬುದೆಲ್ಲ ಆ ಸಂಖ್ಯೆಯೊಳಗೆ ಬಂದುಬಿಡುತ್ತದೆ. ಕಾದಂಬರಿಯ ಮೊದಲ ಪುಟಗಳಲ್ಲಿ ಆ ಹೊತ್ತನ್ನು ಕಂಡಾಗ ಈ ಹೆಂಗಸು ನಮ್ಮವಳೇ ಎನ್ನಿಸಿತ್ತು. ಕೆಲಸ ಹೋದ ಮೇಲೂ ಅವಳು ಅದೇ ರೈಲನ್ನು ಏಕೆ ಹಿಡಿಯುತ್ತಾಳೆಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ; ಬೆಳಗಿನ ಗಾಡಿ ತಪ್ಪಿದರೆ ಆ ದಿನಕ್ಕೆ ಆಕಾರವೇ ಇರುವುದಿಲ್ಲ.

ಕಿಟಕಿಯಿಂದ ನೋಡುವುದೂ ಹಾಗೆಯೇ. ದಿವಾ, ಮುಂಬ್ರಾ ಕಡೆ ಸ್ಲೋ ಗಾಡಿ ಸಿಗ್ನಲ್ಲಿಗೆ ನಿಂತಾಗ ಹಳಿಗೆ ಬೆನ್ನು ಹಾಕಿದ ಕಟ್ಟಡಗಳ ಅಡುಗೆಮನೆಗಳು ಕಾಣುತ್ತವೆ. ಗ್ರಿಲ್ಲಿನ ಮೇಲೆ ಒಣಗಲು ಹಾಕಿದ ಶಾಲೆಯ ಸಮವಸ್ತ್ರ, ಕುಕ್ಕರಿನ ಮುಂದೆ ನಿಂತು ಫೋನಿನಲ್ಲಿ ಮಾತನಾಡುವ ಹುಡುಗಿ, ಬನಿಯನ್ನಿನಲ್ಲಿ ಹಲ್ಲುಜ್ಜುವ ಮುದುಕರು. ಒಂದು ವಾರ ಆ ಮುದುಕರು ಕಾಣದಿದ್ದರೆ ಮನಸ್ಸು ಏನೇನೋ ಊಹಿಸುತ್ತದೆ. ಊಹೆ ಬೆಳೆಯುವುದು ದಿನವೂ ಒಂದೇ ನಿಮಿಷ ನೋಡುವುದರಿಂದ. ಪೂರ್ತಿ ನೋಡಲು ಸಿಕ್ಕಿದ್ದರೆ ಊಹೆ ಬೇಕಾಗುತ್ತಿರಲಿಲ್ಲ.

ಸಿನಿಮಾದಲ್ಲಿ ರೇಚಲ್ ನೋಡುವ ಮನೆಯನ್ನು ಜಾಹೀರಾತಿನ ಮನೆಯ ಹಾಗೆ, ಬಹಳ ಹೊತ್ತು, ಬಹಳ ಹತ್ತಿರದಿಂದ ತೋರಿಸುತ್ತಾರೆ. ಚಲಿಸುವ ರೈಲಿನಿಂದ ಅಷ್ಟೆಲ್ಲ ಕಾಣುವುದಾದರೆ ಅವಳು ಕಲ್ಪಿಸಿಕೊಳ್ಳಬೇಕಾದ್ದು ಏನೂ ಉಳಿಯುವುದಿಲ್ಲ. ಮರುದಿನ ಮತ್ತೆ ಅದೇ ರೈಲು, ಮತ್ತೆ ಅದೇ ಸಿಗ್ನಲ್ ಎಂಬ ಬೇಸರದ ಪುನರಾವರ್ತನೆಯನ್ನೂ ಅವರು ಕತ್ತರಿಸಿಹಾಕಿದ್ದಾರೆ. ಆ ಬೇಸರದಿಂದಲೇ ಅವಳ ಗೀಳು ಹುಟ್ಟಿದ್ದು.

ಕೊತ್ರೂಡ್, ಪುಣೆ

ಇಬ್ಬರೂ ಬಹಳ ಯೋಚಿಸಿ ಬರೆದಿದ್ದೀರಿ, ಆದರೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಮೊದಲನೆಯದಾಗಿ, ಎಮಿಲಿ ಬ್ಲಂಟ್ ಅವರ ಅಭಿನಯದ ಬಗ್ಗೆ ಮಾಟುಂಗಾ ಸರ್ ಒಂದು ಮಾತನ್ನೂ ಆಡದಿರುವುದು ಸರಿಯಲ್ಲ. ಆ ಪಾತ್ರಕ್ಕೆ ಅವರ ಹೆಸರು ಬ್ರಿಟನ್ನಿನ ಬಾಫ್ಟಾ ಚಲನಚಿತ್ರ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೆ ಹೋಗಿತ್ತು. ಒಡೆದ ತುಟಿ, ಊದಿದ ಕಣ್ಣು, ಎದುರಿನವರು ತನ್ನ ಬಾಯಿಯ ವಾಸನೆಯನ್ನು ಹಿಡಿದಾರೆಂದು ಮುಖ ತಿರುಗಿಸುವ ನಾಚಿಕೆ, ಇವೆಲ್ಲವನ್ನೂ ಅವರು ಪುಸ್ತಕ ಕೊಟ್ಟದ್ದಕ್ಕಿಂತ ಹೆಚ್ಚಾಗಿಯೇ ಕೊಟ್ಟಿದ್ದಾರೆ.

ಎರಡನೆಯದಾಗಿ, ಸಿನಿಮಾ ಸುಳ್ಳನ್ನು ಸ್ಪಷ್ಟವಾಗಿ ತೋರಿಸಲೇ ಇಲ್ಲ ಎಂಬಂತೆ ಬರೆದಿದ್ದೀರಿ. ಔತಣದ ದೃಶ್ಯವನ್ನು ನೆನಪಿಸಿಕೊಳ್ಳಿ. ರೇಚಲ್ ಎಲ್ಲರೆದುರು ಕೂಗಾಡಿ ತಟ್ಟೆಯನ್ನು ಬೀಸಿ ಎಸೆಯುವುದನ್ನು ನಾವು ಕಣ್ಣಾರೆ ನೋಡುತ್ತೇವೆ, ಆಮೇಲೆ ಅದು ಸುಳ್ಳೆಂದು ತಿಳಿಯುತ್ತದೆ. ನೀವು ಬಯಸಿದ ಮೋಸ ಅಲ್ಲಿದೆ. ಅಷ್ಟು ಮಾಡಿದ್ದಕ್ಕೂ ಬೈಗುಳ ತಿನ್ನಬೇಕಾಗುತ್ತದೆ ಎಂಬುದಕ್ಕೆ ರೋಮಾಂಚಕ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಅವರೇ ಸಾಕ್ಷಿ. ೧೯೫೦ರ ‘ಸ್ಟೇಜ್ ಫ್ರೈಟ್’ ಸಿನಿಮಾದ ಆರಂಭದಲ್ಲಿ ಒಂದು ಪಾತ್ರ ಹೇಳುವ ಕಥೆಯನ್ನು ದೃಶ್ಯವಾಗಿ ತೋರಿಸಿ, ಕೊನೆಯಲ್ಲಿ ಅದು ಸುಳ್ಳೆಂದು ಬಯಲು ಮಾಡಿದ್ದಕ್ಕೆ ಪ್ರೇಕ್ಷಕರು ಸಿಟ್ಟಾದರು. ಹಾಗೆ ಮಾಡಬಾರದಿತ್ತೆಂದು ಅವರೇ ಮುಂದೆ ಫ್ರೆಂಚ್ ನಿರ್ದೇಶಕ ಟ್ರೂಫೋ ಅವರೊಡನೆ ನಡೆಸಿದ ಮಾತುಕತೆಯಲ್ಲಿ ಹೇಳಿದ್ದಾರೆ. ಕಾಗದದ ಮೇಲೆ ‘ನನಗೆ ಹೀಗೆ ನೆನಪಿದೆ’ ಎಂದು ಬರೆದದ್ದು ಒಬ್ಬರ ಮಾತಾಗಿ ಉಳಿಯುತ್ತದೆ. ತೆರೆಯ ಮೇಲೆ ಕಂಡದ್ದು ನಡೆದ ಘಟನೆಯೇ ಆಗಿಬಿಡುತ್ತದೆ. ಇದು ಮಾಧ್ಯಮದ ಮಿತಿ. ಅದನ್ನು ಒಬ್ಬ ನಿರ್ದೇಶಕನ ತಲೆಗೆ ಕಟ್ಟುವುದು ನ್ಯಾಯವಲ್ಲ.

‘ಶರಪಂಜರ’ದ ಹೋಲಿಕೆಯೂ ನನಗೆ ಸರಿಯೆನ್ನಿಸಲಿಲ್ಲ. ಕಾವೇರಿ ಗುಣವಾಗಿದ್ದಾಳೆಂಬುದು ಪ್ರೇಕ್ಷಕರಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ರೇಚಲ್ ವಿಷಯದಲ್ಲಿ ಪ್ರೇಕ್ಷಕರಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಎರಡರ ಕಷ್ಟ ಒಂದೇ ಅಲ್ಲ.

ಮಾಟುಂಗಾ ಓದುಗ

ಕೊತ್ರೂಡ್ ಅವರೇ, ಬ್ಲಂಟ್ ಅವರ ಅಭಿನಯದ ಬಗ್ಗೆ ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆ ಮುಖ ಅಷ್ಟೆಲ್ಲ ಹೇಳುತ್ತಿರುವಾಗ ಅದರ ಮೇಲೆ ಮಸುಕಿನ ಪರದೆಯನ್ನು ಏಕೆ ಎಳೆದರೆಂಬುದೇ ನನ್ನ ದುಃಖ.

‘ಸ್ಟೇಜ್ ಫ್ರೈಟ್’ ಬಂದ ವರ್ಷವೇ ಜಪಾನಿನಲ್ಲಿ ಕುರೊಸಾವಾ ಅವರ ‘ರಾಶೋಮನ್’ ಬಂತು. ಅಲ್ಲಿ ಒಂದೇ ಸಾವಿನ ಕಥೆಯನ್ನು ಕಳ್ಳ, ಹೆಂಡತಿ, ಸತ್ತ ಗಂಡನ ಆತ್ಮ ಮತ್ತು ಮರ ಕಡಿಯುವವನು ಬೇರೆ ಬೇರೆಯಾಗಿ ಹೇಳುತ್ತಾರೆ. ಪ್ರತಿಯೊಂದನ್ನೂ ಕ್ಯಾಮೆರಾ ಅಷ್ಟೇ ಸ್ಪಷ್ಟವಾಗಿ, ಅಷ್ಟೇ ನಿಷ್ಠೆಯಿಂದ ತೋರಿಸುತ್ತದೆ. ಯಾರಿಗೂ ಮೋಸಹೋದೆವೆನ್ನಿಸುವುದಿಲ್ಲ, ಏಕೆಂದರೆ ಪ್ರತಿಯೊಂದು ದೃಶ್ಯಕ್ಕೂ ಅದನ್ನು ಹೇಳುವ ಒಬ್ಬ ವ್ಯಕ್ತಿ ಇದ್ದಾನೆ, ಅವನಿಗೆ ಹಾಗೆ ಹೇಳಲು ಕಾರಣವೂ ಇದೆ. ಆದುದರಿಂದ ಇದನ್ನು ಮಾಧ್ಯಮದ ಮಿತಿಯೆಂದು ನಾನು ಒಪ್ಪಲಾರೆ.

ಔತಣದ ದೃಶ್ಯವನ್ನು ನೀವು ಎತ್ತಿದ್ದು ಒಳ್ಳೆಯದಾಯಿತು. ಇಡೀ ಸಿನಿಮಾದಲ್ಲಿ ಪುಸ್ತಕದ ಗುಟ್ಟನ್ನು ಹಿಡಿದ ದೃಶ್ಯ ಅದೊಂದೇ. ಆದರೆ ಅದಕ್ಕೆ ಮುಂಚೆ ಇಷ್ಟೊಂದು ಮಸುಕು ದೃಶ್ಯಗಳು ಬಂದಿರುವುದರಿಂದ, ರೇಚಲ್‌ಗೆ ನೆನಪಾದದ್ದು ಯಾವುದು, ಟಾಮ್ ಹೇಳಿದ್ದು ಯಾವುದು ಎಂಬ ವ್ಯತ್ಯಾಸವೇ ನಮಗೆ ತಿಳಿಯುವುದಿಲ್ಲ. ಟಾಮ್ ಅದನ್ನು ಹೇಳುವುದನ್ನು ಒಮ್ಮೆ ಪೂರ್ತಿಯಾಗಿ ಕೇಳಿಸಬೇಕಾಗಿತ್ತು. ಬೆಳಗ್ಗೆ ಎದ್ದು ತಲೆನೋವಿನಿಂದ ಕೂತ ಹೆಂಡತಿಗೆ, ಪ್ರೀತಿಯ ಧ್ವನಿಯಲ್ಲಿ, ‘ನಿನ್ನೆ ನೀನು ಏನು ಮಾಡಿದೆ ಗೊತ್ತೇ’ ಎಂದು ಶುರುಮಾಡಿ ಒಂದೊಂದೇ ವಿವರವನ್ನು ಅವನು ಜೋಡಿಸುತ್ತಾ ಹೋಗುವುದನ್ನೂ, ಅವಳು ಕ್ಷಮೆ ಕೇಳುವುದನ್ನೂ ತೋರಿಸಿದ್ದರೆ, ಅದಕ್ಕಿಂತ ಭೀಕರವಾದ ದೃಶ್ಯ ಆ ಸಿನಿಮಾದಲ್ಲಿ ಇರುತ್ತಿರಲಿಲ್ಲ.

ಕಾವೇರಿಯ ಮತ್ತು ರೇಚಲ್‌ಳ ಸ್ಥಿತಿ ಒಂದೇ ಅಲ್ಲವೆಂಬುದು ನಿಜ. ನಾನು ಹೋಲಿಸಿದ್ದು ಇಷ್ಟನ್ನೇ: ಒಂದು ಹೆಣ್ಣಿನ ಮಾತಿಗೆ ಬೆಲೆಯಿಲ್ಲದಂತೆ ಮಾಡುವುದು ಹೇಗೆಂಬುದನ್ನು ಪುಟ್ಟಣ್ಣನವರು ಸುತ್ತಲಿನವರ ನಡವಳಿಕೆಯಲ್ಲಿ ತೋರಿಸಿದರು. ಟೇಟ್ ಟೇಲರ್ ಅದನ್ನು ಕ್ಯಾಮೆರಾದ ಚಮತ್ಕಾರದಲ್ಲಿ ತೋರಿಸಲು ಹೋದರು.

ಮಡಗಾಂವ್‌ನಿಂದ

ನಾನು ಗೋವಾದಲ್ಲಿ ವಿಡಿಯೋ ಸಂಕಲನದ ಕೆಲಸ ಮಾಡುವವನು, ಆದುದರಿಂದ ನನ್ನ ಕಣ್ಣಿಗೆ ಬಿದ್ದ ತೊಡಕನ್ನು ಹೇಳುತ್ತೇನೆ.

ಕಾದಂಬರಿಯಲ್ಲಿ ಮೂವರು ಹೆಂಗಸರು ಮಾತನಾಡುತ್ತಾರೆ. ಪ್ರತಿ ಭಾಗದ ತಲೆಯಲ್ಲಿ ಹೆಸರು, ದಿನಾಂಕ, ಬೆಳಗ್ಗೆಯೋ ಸಂಜೆಯೋ ಎಂಬುದು ಇರುತ್ತದೆ. ರೇಚಲ್‌ಳ ಕಥೆ ೨೦೧೩ರ ಜುಲೈಯಲ್ಲಿ ಶುರುವಾದರೆ ಮೆಗನ್‌ಳದು ೨೦೧೨ರ ಮೇ ತಿಂಗಳಿನಿಂದ ಬರುತ್ತದೆ. ಹೀಗಾಗಿ ಸತ್ತವಳು ನಿಧಾನವಾಗಿ ತನ್ನ ಸಾವಿನ ದಿನದ ಕಡೆಗೆ ನಡೆದುಬರುತ್ತಿರುತ್ತಾಳೆ, ಬದುಕಿರುವವಳು ಅದೇ ದಿನದ ಕಡೆಗೆ ಹಿಂದಕ್ಕೆ ತಡವರಿಸುತ್ತಿರುತ್ತಾಳೆ. ಓದುವವರು ಗೊಂದಲವಾದಾಗ ಹಾಳೆ ತಿರುವಿ ದಿನಾಂಕ ನೋಡಿಕೊಳ್ಳುತ್ತಾರೆ. ಚಿತ್ರಮಂದಿರದಲ್ಲಿ ಆ ಸೌಲಭ್ಯವಿಲ್ಲ.

ಸಿನಿಮಾದವರು ‘ಆರು ತಿಂಗಳ ಹಿಂದೆ’ ಎಂಬಂಥ ಬರಹವನ್ನು ತೆರೆಯ ಮೇಲೆ ಹಾಕಿ ಕೈತೊಳೆದುಕೊಂಡರು. ಎರಡು ಕಾಲಗಳಿಗೆ ಬೇರೆ ಬಣ್ಣ, ಬೇರೆ ಬೆಳಕು, ಬೇರೆ ಸದ್ದು ಕೊಟ್ಟು ಪ್ರೇಕ್ಷಕರ ಕಿವಿಗೇ ದಿನಾಂಕ ತಿಳಿಯುವಂತೆ ಮಾಡಬಹುದಾಗಿತ್ತು. ಮೂವರೂ ಒಂದೇ ಬೂದು ಬೆಳಕಿನಲ್ಲಿ, ಒಂದೇ ಪಿಸುಮಾತಿನಲ್ಲಿ ಬಂದುಹೋಗುತ್ತಾರೆ. ಮೆಗನ್‌ಳನ್ನೂ ಆನಾಳನ್ನೂ ಗುರುತಿಸುವುದೇ ಕಷ್ಟವಾಯಿತೆಂದು ನನ್ನ ಜೊತೆ ನೋಡಿದವರು ಹೇಳಿದರು. ಮೆಗನ್ ನಮಗೆ ಹತ್ತಿರವಾಗದಿದ್ದರೆ ಅವಳ ಸಾವು ಒಂದು ಒಗಟಷ್ಟೇ ಆಗುತ್ತದೆ.

ಘಾಟ್‌ಕೋಪರ್ ಪೂರ್ವ

೨೦೨೧ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಹಿಂದಿಯ ಆವೃತ್ತಿಯನ್ನು ಯಾರೂ ಎತ್ತಲಿಲ್ಲ. ರಿಭು ದಾಸ್‌ಗುಪ್ತ ಅವರ ನಿರ್ದೇಶನ, ಪರಿಣೀತಿ ಚೋಪ್ರಾ ಅವರ ಮುಖ್ಯ ಪಾತ್ರ, ಕಥೆ ಮತ್ತೆ ಲಂಡನ್ನಿನಲ್ಲಿ. ಊರನ್ನು ಸರಿಪಡಿಸಿದರೆ ಕಥೆ ಸರಿಹೋಗುತ್ತದೆ ಎನ್ನುವವರಿಗೆ ಇದೇ ಉತ್ತರ.

ಅಲ್ಲಿ ನಾಯಕಿ ಮೀರಾ ವಕೀಲೆ. ಕುಡಿತ ಸಾಲದೆಂದು ಅಪಘಾತದಿಂದ ಬಂದ ಮರೆವಿನ ಕಾಯಿಲೆಯನ್ನೂ ಸೇರಿಸಿದ್ದಾರೆ. ಮರೆವು ವೈದ್ಯರು ಹೆಸರಿಟ್ಟ ಕಾಯಿಲೆಯಾದ ಕೂಡಲೇ ಗಂಡನ ಪಾಪ ಅರ್ಧ ತೊಳೆದುಹೋಗುತ್ತದೆ. ಗಂಡನ ಕಥೆ ಮುಗಿದ ಮೇಲೆ ಮತ್ತೊಂದು ತಿರುವು ಕೊಟ್ಟು, ನಿಜವಾದ ಕೊಲೆಗೆ ಮೀರಾಳ ಹಳೆಯ ಮೊಕದ್ದಮೆಯೊಂದರ ಸೇಡು ಕಾರಣವೆಂದು ಹೇಳುತ್ತಾರೆ. ಕಾದಂಬರಿ ಓದಿದವರಿಗೂ ಅಚ್ಚರಿಯಾಗಲಿ ಎಂಬ ಉದ್ದೇಶವಿರಬಹುದು. ಅಪಾಯ ಇರುವುದು ಮನೆಯೊಳಗೆ, ಊಟದ ಮೇಜಿನ ಎದುರು ಕೂತವನಲ್ಲಿ ಎಂಬುದು ಮೂಲದ ಜೀವ. ಅದನ್ನು ಹೊರಗಿನ ಸೇಡಿಗೆ ಒಪ್ಪಿಸಿದ ಮೇಲೆ ಉಳಿಯುವುದು ಪುಸ್ತಕದ ಹೆಸರು ಮಾತ್ರ. ೨೦೧೬ರ ಸಿನಿಮಾ ಈ ವಿಷಯದಲ್ಲಾದರೂ ಪ್ರಾಮಾಣಿಕವಾಗಿತ್ತು.

ಡೊಂಬಿವಲಿ ವಾಚಕಿ

ಘಾಟ್‌ಕೋಪರ್ ಅವರ ಮಾತು ನೂರಕ್ಕೆ ನೂರು ನಿಜ. ಓದಿದವರನ್ನೂ ಬೆಚ್ಚಿಬೀಳಿಸಬೇಕೆಂಬ ಹಟವೇ ಇಂಥ ಸಿನಿಮಾಗಳನ್ನು ಹಾಳುಮಾಡುತ್ತಿದೆ ಎಂದು ನನಗೂ ಅನ್ನಿಸುತ್ತದೆ. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ನಮ್ಮ ಇದೇ ಮುಂಬಯಿಯಲ್ಲಿ, ಕೆಲಸದಿಂದ ತಡೆಹಿಡಿಯಲ್ಪಟ್ಟ ನಾಗಪ್ಪನ ಸುತ್ತ ಬಲೆ ಬಿಗಿಯುತ್ತಿದೆಯೇ, ಅಥವಾ ಅದು ಅವನ ಮನಸ್ಸಿನ ಬಲೆಯೇ ಎಂಬ ಆತಂಕ ಮುಂದೇನಾಗುತ್ತದೆಂದು ಗೊತ್ತಿದ್ದರೂ ಕಡಿಮೆಯಾಗುವುದಿಲ್ಲ. ಕೊತ್ರೂಡ್ ಅವರೇ, ಇದನ್ನು ಸಿನಿಮಾ ಮಾಡಬೇಕಾದರೆ ನಾಗಪ್ಪನ ಒಳಗಿನ ಮಾತನ್ನು ನೀವು ಏನು ಮಾಡುತ್ತೀರಿ?

ಕೊತ್ರೂಡ್, ಪುಣೆ

ಅಕ್ಕ, ಕಠಿಣವಾದ ಪ್ರಶ್ನೆ ಕೇಳಿದಿರಿ. ಹಿನ್ನೆಲೆಯ ಧ್ವನಿಯಲ್ಲಿ ಓದಿಸಿದರೆ ಅದು ರೇಡಿಯೋ ನಾಟಕವಾಗುತ್ತದೆ. ೨೦೧೬ರ ಸಿನಿಮಾ ಆರಂಭದಲ್ಲಿ ಹಾಗೆಯೇ ಮಾಡಿದೆ. ನಾನಾದರೆ ನಾಗಪ್ಪನನ್ನು ಬಿಟ್ಟು ಕ್ಯಾಮೆರಾವನ್ನು ಎಲ್ಲಿಯೂ ಕದಲಿಸುವುದಿಲ್ಲ. ಅವನಿಲ್ಲದ ಕೋಣೆಯಲ್ಲಿ ಏನು ನಡೆಯಿತೆಂಬುದನ್ನು ಪ್ರೇಕ್ಷಕರಿಗೆ ಒಮ್ಮೆಯೂ ತೋರಿಸುವುದಿಲ್ಲ. ಮುಚ್ಚಿದ ಬಾಗಿಲಿನ ಆಚೆ ನಗುವ ಸದ್ದು ಕೇಳಿದರೆ ಅವನಷ್ಟೇ ನಾವೂ ಊಹಿಸಬೇಕು. ಚಿತ್ತಾಲರ ‘ಮೂರು ದಾರಿಗಳು’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ೧೯೮೧ರಲ್ಲಿ ಸಿನಿಮಾ ಮಾಡಿದ್ದಾರೆ, ಆದುದರಿಂದ ಚಿತ್ತಾಲರನ್ನು ತೆರೆಗೆ ತರಲಾಗದೆಂದು ಹೇಳುವಂತಿಲ್ಲ.

ಇದನ್ನು ಬರೆಯುವಾಗ ಮಾಟುಂಗಾ ಸರ್ ಅವರ ವಾದದ ಬಲ ನನಗೆ ತಿಳಿಯುತ್ತಿದೆ. ೨೦೧೬ರ ಸಿನಿಮಾ ರೇಚಲ್‌ಳನ್ನು ಬಿಟ್ಟು ಮೆಗನ್‌ಳ ಮನೆಗೆ, ಆನಾಳ ಅಡುಗೆಮನೆಗೆ, ಪೊಲೀಸರ ಕೋಣೆಗೆ ಓಡಾಡುತ್ತಲೇ ಇರುತ್ತದೆ. ಪುಸ್ತಕದಲ್ಲಿಯೂ ಮೂವರಿದ್ದಾರೆ, ಆದರೆ ಅಲ್ಲಿ ಪ್ರತಿಯೊಬ್ಬರೂ ತಮ್ಮ ಬಾಯಲ್ಲೇ ಹೇಳುತ್ತಾರೆ. ತೆರೆಯ ಮೇಲೆ ಆ ‘ನಾನು’ ಅಳಿಸಿಹೋಗಿದೆ.

ಆದರೂ ಕೊನೆಯ ದೃಶ್ಯವನ್ನು ನಾನು ಬಿಟ್ಟುಕೊಡುವುದಿಲ್ಲ. ರೇಚಲ್ ಬಿರಡೆ ತೆಗೆಯುವ ತಿರುಪುಮೊಳೆಯನ್ನು ಟಾಮ್‌ನ ಕುತ್ತಿಗೆಗೆ ಚುಚ್ಚುತ್ತಾಳೆ. ಆನಾ ಬಂದು ಅವನನ್ನು ಉಳಿಸುತ್ತಾಳೆಂದು ನಾವು ಅಂದುಕೊಳ್ಳುವಷ್ಟರಲ್ಲಿ ಅವಳು ಬಗ್ಗಿ ಅದನ್ನು ಇನ್ನಷ್ಟು ಒಳಕ್ಕೆ ತಿರುಗಿಸುತ್ತಾಳೆ. ಪುಸ್ತಕದಲ್ಲಿ ಇದ್ದದ್ದನ್ನೇ ತೆಗೆದುಕೊಂಡರೂ, ಆನಾ ಪಾತ್ರದ ರೆಬೆಕಾ ಫರ್ಗ್ಯುಸನ್ ಅವರ ಆ ಮೌನವನ್ನು ಕಾದಂಬರಿ ಕೊಟ್ಟಿರಲಿಲ್ಲ.

ಮಾಟುಂಗಾ ಓದುಗ

ಆ ದೃಶ್ಯ ನನಗೂ ಇಷ್ಟವೇ. ಅಲ್ಲಿ ಮಸುಕಿಲ್ಲ, ಹಿನ್ನೆಲೆಯ ಮಾತಿಲ್ಲ, ನೆನಪಿನ ತುಣುಕುಗಳಿಲ್ಲ. ಇಬ್ಬರು ಹೆಂಗಸರು ಹಗಲಿನಂಥ ಸ್ಪಷ್ಟತೆಯಲ್ಲಿ ಒಂದು ಕೆಲಸ ಮಾಡುತ್ತಾರೆ, ಆಮೇಲೆ ಪೊಲೀಸರ ಮುಂದೆ ಒಬ್ಬರ ಮಾತಿಗೆ ಇನ್ನೊಬ್ಬರು ಸಾಕ್ಷಿಯಾಗುತ್ತಾರೆ. ಇಡೀ ಸಿನಿಮಾವನ್ನು ಹೀಗೆಯೇ ತೆಗೆಯಬಹುದಾಗಿತ್ತು ಎಂಬುದೇ ಮೊದಲಿನಿಂದ ನನ್ನ ತಕರಾರು. ಮಡಗಾಂವ್ ಅವರಲ್ಲಿ ಒಂದು ವಿನಂತಿ: ಮೆಗನ್‌ಳ ಮೊದಲ ಎರಡು ಭಾಗಗಳನ್ನು ಬರಹದ ಫಲಕವಿಲ್ಲದೆ, ಬರಿಯ ಸದ್ದಿನಿಂದ ಬೇರ್ಪಡಿಸುವುದಾದರೆ ನೀವು ಏನನ್ನು ಬಳಸುತ್ತೀರಿ, ಬಿಡುವಾದಾಗ ಬರೆಯಿರಿ.

ಮಡಗಾಂವ್‌ನಿಂದ

ರೈಲಿನ ಸದ್ದನ್ನೇ ಬಳಸುತ್ತೇನೆ ಸರ್. ರೇಚಲ್‌ಗೆ ಅದು ಒಳಗಿನಿಂದ ಕೇಳುತ್ತದೆ, ಹಳಿಯ ಪಕ್ಕದ ಮನೆಯಲ್ಲಿರುವ ಮೆಗನ್‌ಗೆ ಹೊರಗಿನಿಂದ ಕೇಳುತ್ತದೆ, ಕಿಟಕಿಯ ಗಾಜು ನಡುಗುತ್ತದೆ. ಮೆಗನ್ ಬದುಕಿರುವ ದೃಶ್ಯಗಳಲ್ಲಿ ಗಾಡಿ ಪ್ರತಿಸಲವೂ ನಿಲ್ಲದೆ ಹಾದುಹೋಗಲಿ, ಅವಳು ಕಾಣೆಯಾಗುವ ಹಿಂದಿನ ದಿನ ಮೊದಲ ಸಲ ಅದು ಅವಳ ಮನೆಯೆದುರು ನಿಲ್ಲುವುದು ಕೇಳಿಸಲಿ. ಆ ನಿಂತ ಗಾಡಿಯಲ್ಲಿ ಯಾರು ಕೂತು ನೋಡುತ್ತಿದ್ದಾರೆಂಬುದು ಪ್ರೇಕ್ಷಕರಿಗೆ ಫಲಕವಿಲ್ಲದೆಯೇ ತಿಳಿಯುತ್ತದೆ, ಎರಡು ಕಾಲಗಳೂ ಆ ಸದ್ದಿನಲ್ಲಿ ಕೂಡಿಕೊಳ್ಳುತ್ತವೆ.